ಸಕ್ಕರೆ ಕಾಯಿಲೆ: ಬೈದರೆ ಇಳಿಯದು, ಜೊತೆಗೆ ನಿಂತರೆ ಇಳಿದೀತು

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಡೈರಿ ಆವರಣದಲ್ಲಿ ಏರ್ಪಡಿಸಿದ್ದ ಆರೋಗ್ಯ ಶಿಬಿರದಲ್ಲಿ ಆರೋಗ್ಯ ಕೇಂದ್ರದ ವೈದ್ಯರು ಮಾಡಿದ ಭಾಷಣದ ಬರಹ ರೂಪ)



25 ವರ್ಷ ಒಂದು ಸಂಘವನ್ನು ನಡೆಸಿಕೊಂಡು ಬರುವುದು ಸಣ್ಣ ಮಾತಲ್ಲ. ಮಳೆ ಇರಲಿ, ಚಳಿ ಇರಲಿ, ಮನೆಯಲ್ಲಿ ಮದುವೆ ಇರಲಿ, ಬೆಳಿಗ್ಗೆ ಸಂಜೆ ಹಾಲು ಕರೆಯಲೇಬೇಕು, ಕ್ಯಾನು ಡೈರಿಗೆ ಬರಲೇಬೇಕು. ‘ಇವತ್ತು ಬೇಜಾರು, ನಾಳೆ ಕರೆದರಾಯಿತು’ ಎಂದರೆ ಹಸು ಕೇಳುತ್ತದೆಯೆ? ಕೇಳುವುದಿಲ್ಲ. ಸಕ್ಕರೆ ಕಾಯಿಲೆಯೂ ಹಾಗೆಯೇ. ಅದಕ್ಕೆ ಭಾನುವಾರವಿಲ್ಲ, ಹಬ್ಬವಿಲ್ಲ. ದಿನವೂ ನೋಡಿಕೊಳ್ಳಬೇಕು. ದಿನವೂ ಮಾಡುವ ಕೆಲಸವನ್ನು 25 ವರ್ಷ ಬಿಡದೆ ಮಾಡಿ ತೋರಿಸಿರುವ ನಿಮ್ಮ ಮುಂದೆ ಈ ಕಾಯಿಲೆಯ ವಿಷಯ ಮಾತನಾಡುವುದು ನಮಗೆ ಸಂತೋಷ. ಯಾಕೆಂದರೆ ಇದಕ್ಕೆ ಬೇಕಾದ ದೊಡ್ಡ ಗುಣ ನಿಮ್ಮಲ್ಲಿ ಆಗಲೇ ಇದೆ.

ಸಕ್ಕರೆ ಕಾಯಿಲೆ ಪೇಟೆಯವರದು, ಸಾಹುಕಾರರದು ಎನ್ನುವ ಕಾಲ ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಅಧ್ಯಯನದ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಈ ಸಭೆಯಲ್ಲೇ ಕೈ ಎತ್ತಿಸಿದರೆ ಎಷ್ಟು ಕೈ ಏಳುತ್ತವೋ! ಆದರೆ ನಾವು ಎತ್ತಿಸುವುದಿಲ್ಲ. ಯಾಕೆ ಎತ್ತಿಸುವುದಿಲ್ಲ ಎಂಬುದನ್ನೇ ಈಗ ಹೇಳುತ್ತೇವೆ.

ನಾವು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ಸುತ್ತಿನ ಒಂದು ಹಳ್ಳಿಯ ಯಜಮಾನರೊಬ್ಬರು ನಮ್ಮ ಹತ್ತಿರ ಬರುತ್ತಿದ್ದರು. ಕಬ್ಬು, ಭತ್ತ ಬೆಳೆಯುವವರು, ಎರಡು ಹಸು ಕಟ್ಟಿದ್ದರು. ಒಂದು ದಿನ ಅವರ ರಕ್ತದ ಸಕ್ಕರೆ 310 ಬಂತು. ಅವತ್ತು ಸಾಲಿನಲ್ಲಿ ಬಹಳ ಜನ, ನಮಗೂ ತಲೆ ಬಿಸಿ. ‘ಎಷ್ಟು ಸಲ ಹೇಳಬೇಕು ನಿಮಗೆ? ಮದುವೆ ಮನೇಲಿ ಪಾಯಸ ಕುಡಿದ್ರಾ? ಹಿಂಗೇ ಆದ್ರೆ ಕಾಲು ತೆಗೀಬೇಕಾಗುತ್ತೆ, ನೋಡ್ಕೊಳ್ಳಿ’ ಎಂದು ಎಲ್ಲರೆದುರಿಗೆ ಗದರಿಸಿದೆವು. ಅವರು ಏನೂ ಮಾತನಾಡಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು, ಮಾತ್ರೆ ತೆಗೆದುಕೊಂಡು ಹೋದರು. ನಾವೂ ನಮ್ಮ ಕರ್ತವ್ಯ ಮಾಡಿದೆವು ಅಂದುಕೊಂಡೆವು.

ಆಮೇಲೆ ಅವರು ಬರಲಿಲ್ಲ. ಒಂದು ತಿಂಗಳಲ್ಲ, ಎರಡು ತಿಂಗಳಲ್ಲ, ಸುಮಾರು ಎರಡು ವರ್ಷ. ಒಂದು ದಿನ ಅವರ ಮಗ ಬೈಕಿನ ಹಿಂದೆ ಕೂರಿಸಿಕೊಂಡು ಕರೆತಂದ. ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡುವಾಗ ಕಬ್ಬಿನ ಕೂಳೆ ಅಂಗಾಲಿಗೆ ಚುಚ್ಚಿತ್ತು. ಕಾಲಿನ ನರಗಳು ಜೋಮು ಹಿಡಿದಿದ್ದರಿಂದ ನೋವೇ ಗೊತ್ತಾಗಿರಲಿಲ್ಲ. ಮನೆಯವರು ವಾಸನೆ ಬಂದ ಮೇಲೆ ಕಂಡದ್ದು. ಪಟ್ಟಣದ ದೊಡ್ಡಾಸ್ಪತ್ರೆಗೆ ಕಳಿಸಿದೆವು. ಮೂರು ಬೆರಳು ಹೋದವು. ಪುಣ್ಯಕ್ಕೆ ಪಾದ ಉಳಿಯಿತು.

ಗಾಯ ಮಾಗಿದ ಮೇಲೆ ಡ್ರೆಸಿಂಗಿಗೆ ಬಂದಾಗ ‘ಯಾಕೆ ಯಜಮಾನ್ರೇ, ಎರಡು ವರ್ಷ ಈ ಕಡೆ ತಲೆ ಹಾಕಲಿಲ್ಲ?’ ಅಂತ ಕೇಳಿದೆವು. ಅವರು ತಲೆ ತಗ್ಗಿಸಿಕೊಂಡೇ ಹೇಳಿದರು: ‘ಬಂದ್ರೆ ಬೈತೀರ ಅಂತ ಬರ್ನಿಲ್ಲ ಸ್ವಾಮಿ. ಅವತ್ತು ಇಸ್ಕೂಲ್ ಐಕಳ ನಿಲ್ಸಿ ಬೈದಂಗೆ ಬೈದ್ರಲ್ಲ, ನಮ್ ಬೀಗ್ರೂ ಅಲ್ಲೇ ನಿಂತಿದ್ರು.’

ನಮಗೆ ಉತ್ತರ ಹೊಳೆಯಲಿಲ್ಲ. ಕಾಲು ಹೋಗುತ್ತದೆ ಎಂದು ಹೆದರಿಸಿದ್ದು ನಾವು, ಕಾಲಿಗೆ ಗಂಡಾಂತರ ತಂದದ್ದರಲ್ಲೂ ನಮ್ಮ ಪಾಲಿತ್ತು. ಅವರ ಒಪ್ಪಿಗೆ ಪಡೆದೇ ಈ ಕತೆ ಹೇಳುತ್ತಿದ್ದೇವೆ. ‘ಹೆಸ್ರು ಹೇಳ್ಬೇಡಿ, ಕತೆ ಹೇಳಿ. ಇನ್ನೊಬ್ರಿಗಾದ್ರೂ ಆಗ್ಲಿ’ ಅಂದರು.

ಫ್ಯಾಟ್ ಕಡಿಮೆ ಬಂದರೆ ಹಸುವಿಗೆ ಬೈಯುತ್ತೀರಾ?

ನಿಮ್ಮ ಡೈರಿಯಲ್ಲಿ ಹಾಲಿನ ಫ್ಯಾಟ್ ಒಂದು ದಿನ ಕಡಿಮೆ ಬಂತು ಅನ್ನಿ. ನೀವು ಏನು ಮಾಡುತ್ತೀರಿ? ಮನೆಗೆ ಹೋಗಿ ಹಸುವಿನ ಮುಂದೆ ನಿಂತು ಬೈಯುತ್ತೀರಾ? ಇಲ್ಲ. ಮೇವು ಏನು ಹಾಕಿದ್ದೆವು, ಒಣಮೇವು ಸಾಕಾಯಿತೆ, ಹಿಂಡಿ ಬೂಸ ಕಡಿಮೆಯಾಯಿತೆ, ಮೈ ಹುಷಾರಿಲ್ಲವೆ ಎಂದು ಒಂದೊಂದಾಗಿ ನೋಡುತ್ತೀರಿ. ಮನುಷ್ಯನ ವಿಷಯ ಬಂದಾಗ ಮಾತ್ರ ನಾವು ಮೊದಲು ಬೈಯುತ್ತೇವೆ, ಆಮೇಲೂ ಕಾರಣ ಕೇಳುವುದಿಲ್ಲ.

ಕೇಳಿದರೆ ಕಾರಣಗಳು ತಾವಾಗಿ ಹೊರಗೆ ಬರುತ್ತವೆ. ಒಬ್ಬರಿಗೆ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಅದಕ್ಕೇ ಬಿಟ್ಟಿರುತ್ತಾರೆ. ಊಟದ ಜೊತೆ ತೆಗೆದುಕೊಂಡರೆ, ಕಡಿಮೆ ಪ್ರಮಾಣದಿಂದ ನಿಧಾನವಾಗಿ ಏರಿಸಿದರೆ ಎಷ್ಟೋ ಜನಕ್ಕೆ ಸರಿಹೋಗುತ್ತದೆ. ಇನ್ನೊಬ್ಬರಿಗೆ ನಾಟಿ ಕಾಲದಲ್ಲಿ ಆಸ್ಪತ್ರೆಗೆ ಬರಲು ಬಿಡುವಿಲ್ಲ, ಒಂದು ದಿನದ ಕೂಲಿ ಹೋಗುತ್ತದೆ. ಮತ್ತೊಬ್ಬರಿಗೆ ಕನ್ನಡಕವಿಲ್ಲ, ಯಾವ ಮಾತ್ರೆ ಬೆಳಿಗ್ಗೆಗೆ, ಯಾವುದು ರಾತ್ರಿಗೆ ಗೊತ್ತಾಗುವುದಿಲ್ಲ. ಕೆಲವರಿಗೆ ಬೇಸರ. ಹತ್ತು ವರ್ಷದಿಂದ ಅದೇ ಪಥ್ಯ, ಅದೇ ಮಾತ್ರೆ. ‘ಸಾಕಪ್ಪ ಈ ಸಹವಾಸ’ ಅನ್ನಿಸಿಬಿಡುತ್ತದೆ. ಈ ಬೇಸರ ಸೋಮಾರಿತನವಲ್ಲ. ಸಕ್ಕರೆ ಕಾಯಿಲೆಯ ಜೊತೆಗೇ ಬರುವ ಒಂದು ಭಾರ ಅದು, ವೈದ್ಯಶಾಸ್ತ್ರವೂ ಒಪ್ಪಿಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯೊಂದರಲ್ಲಿ ಹೇಳಿದ ಮಾತು ಇದು: ಮುಂದುವರಿದ ದೇಶಗಳಲ್ಲೇ ದೀರ್ಘಕಾಲದ ಕಾಯಿಲೆಯವರಲ್ಲಿ ಸರಾಸರಿ ಅರ್ಧದಷ್ಟು ಜನ ಮಾತ್ರ ಚಿಕಿತ್ಸೆಯನ್ನು ಹೇಳಿದಂತೆ ಪಾಲಿಸುತ್ತಾರೆ. ಅಂದಮೇಲೆ ಇದು ನಮ್ಮ ಹಳ್ಳಿಯವರ ದಡ್ಡತನ ಅಂತ ಯಾರೂ ಹೇಳುವಂತಿಲ್ಲ. ಮನುಷ್ಯರ ಸ್ವಭಾವವೇ ಹೀಗೆ.

ಎಲ್ಲಕ್ಕಿಂತ ದೊಡ್ಡ ಕಾರಣ, ಈ ಕಾಯಿಲೆ ಮೊದಲು ನೋಯುವುದಿಲ್ಲ. ಹಲ್ಲು ನೋವಾದರೆ ರಾತ್ರೋರಾತ್ರಿ ಓಡಿ ಬರುತ್ತೇವೆ. ಸಕ್ಕರೆ 250 ಇದ್ದರೂ ಉತ್ತು ಬಿತ್ತು ಮಾಡುತ್ತಿರುತ್ತೇವೆ. ಆದರೆ ಇದು ಕೈಸಾಲದ ಬಡ್ಡಿಯಂತೆ ಒಳಗೇ ಬೆಳೆಯುತ್ತದೆ. ಕಣ್ಣು, ಮೂತ್ರಪಿಂಡ, ನರ, ಹೃದಯ, ಒಂದೊಂದರ ಮೇಲೂ ಬಡ್ಡಿ ಬೀಳುತ್ತದೆ. ಲೆಕ್ಕ ಬಿಚ್ಚಿದ ದಿನ ಅಸಲಿಗಿಂತ ಬಡ್ಡಿಯೇ ದೊಡ್ಡದಾಗಿರುತ್ತದೆ.

ರೂಪಾಯಿಗೆ ಎಷ್ಟಾಣೆ ಭರವಸೆ?

ಆ ಯಜಮಾನರ ಪ್ರಕರಣದ ನಂತರ ನಾವು ಮಾತನಾಡುವ ರೀತಿ ಬದಲಿಸಿಕೊಂಡೆವು. ಇದರಲ್ಲಿ ಒಂದು ಶಾಸ್ತ್ರವೇ ಇದೆ. ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1983ರಲ್ಲಿ ಕುಡಿತದ ಚಟ ಇರುವವರ ಜೊತೆ ಹೇಗೆ ಮಾತನಾಡಬೇಕು ಎಂದು ಬರೆದರು. ಮುಂದೆ ಸ್ಟೀಫನ್ ರೋಲ್ನಿಕ್ ಅವರ ಜೊತೆ ಸೇರಿ ಅದನ್ನು ಬೆಳೆಸಿದರು. ಅದರ ಸಾರ ಇಷ್ಟೆ: ನಾವು ‘ಬಿಡು ಬಿಡು’ ಎಂದಷ್ಟೂ ಎದುರಿನವರು ಬಿಡದಿರಲು ಕಾರಣ ಹುಡುಕುತ್ತಾರೆ. ಬದಲಾಗಬೇಕು ಎಂಬ ಮಾತು ಅವರ ಬಾಯಿಂದಲೇ ಬರಬೇಕು. ನಮ್ಮ ಕೆಲಸ ಕೇಳುವುದು, ಕೇಳಿದ್ದನ್ನು ಸರಿಯಾಗಿ ತಿಳಿದುಕೊಳ್ಳುವುದು, ಅವರು ಮಾಡಿದ ಒಳ್ಳೆಯದನ್ನು ಗುರುತಿಸಿ ಹೇಳುವುದು.

ಒಬ್ಬ ತಾಯಿ ಬಂದಿದ್ದರು. ದಿನಕ್ಕೆ ಎರಡು ಹೊತ್ತು ಡೈರಿಗೆ ಹಾಲು ಹಾಕುವವರು. ‘ಏನು ಬಿಡಬೇಕು’ ಎಂಬ ಪಟ್ಟಿ ಕೊಡುವ ಬದಲು ‘ನಿಮಗೆ ಯಾತಕ್ಕೆ ಆರೋಗ್ಯ ಬೇಕು ಅನ್ಸುತ್ತೆ, ತಾಯಿ?’ ಅಂತ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಗಳ ಬಾಣಂತನ ಮಾಡ್ಬೇಕು ಸಾ. ಕಣ್ಣು ಮಂಜಾಯ್ತಾ ಅದೆ. ಮಗೂನ ನೀರಿಗೆ ಹಾಕೋವಾಗ ಕೈ ತಪ್ಪಿದ್ರೆ?’ ಅಂದರು. ಅವರ ಕಾರಣ ಅವರಿಗೆ ಸಿಕ್ಕಿತು. ಮೂತ್ರಪಿಂಡ, ಹೃದಯ ಅಂತ ನಾವು ಒಂದು ಗಂಟೆ ಹೇಳಿದ್ದರೂ ಅದಕ್ಕೆ ಇಷ್ಟು ಬಲ ಬರುತ್ತಿರಲಿಲ್ಲ.

‘ಹಾಗಾದ್ರೆ ಯಾವುದರಿಂದ ಶುರು ಮಾಡೋಣ?’ ಎಂದೆವು. ಅವರೇ ಕಾಫಿ ವಿಷಯ ತೆಗೆದರು. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ ಸುಮಾರು 5 ಗ್ರಾಂ ಎಂದರೆ ದಿನಕ್ಕೆ 40 ಗ್ರಾಂ, ತಿಂಗಳಿಗೆ 1,200 ಗ್ರಾಂ. ‘ಒಂದು ಕೇಜಿ ಮೇಲೆ ಕಾಲು ಕೇಜಿ ಸಕ್ಕರೆ ಕಾಫೀಲೇ ಕುಡೀತಿದ್ನಾ!’ ಎಂದು ಅವರೇ ಬೆರಗಾದರು. ಎರಡು ಲೋಟ ಮಾಡುತ್ತೇನೆ, ಸಕ್ಕರೆ ಹಾಕುವುದಿಲ್ಲ ಅಂದರು. ‘ಇದು ನಿಮ್ಮ ಕೈಲಾಗುತ್ತೆ ಅಂತ ರೂಪಾಯಿಗೆ ಎಷ್ಟಾಣೆ ಭರವಸೆ ಇದೆ?’ ಎಂದು ಕೇಳಿದೆವು. ‘ಎಂಟಾಣೆ’ ಅಂದರು. ‘ನಾಲ್ಕಾಣೆ ಅನ್ನದೆ ಎಂಟಾಣೆ ಯಾಕಂದ್ರಿ?’ ಎಂದೆವು. ‘ಹೋದ ವರ್ಷ ಎಲೆ ಅಡಿಕೆ ಬಿಟ್ಟೆ, ಹೊಗೆಸೊಪ್ಪು ಸಮೇತ ಬಿಟ್ಟೆ’ ಅಂದರು. ನೋಡಿ, ಬಲ ಅವರಲ್ಲೇ ಇತ್ತು. ‘ಹನ್ನೆರಡಾಣೆ ಆಗಬೇಕಾದ್ರೆ ಏನು ಬೇಕು?’ ಎಂದಾಗ ‘ಮನೇಲಿ ಎಲ್ರಿಗೂ ಸಪ್ಪೆ ಕಾಫಿನೇ ಕಾಯಿಸ್ತೀನಿ, ಬೇಕಾದೋರು ಸಕ್ಕರೆ ಹಾಕ್ಕಳ್ಳಿ’ ಎಂದು ದಾರಿಯನ್ನೂ ಅವರೇ ಹೇಳಿದರು. ಕಣ್ಣಿನ ಪರೀಕ್ಷೆಗೂ ಕಳಿಸಿಕೊಟ್ಟೆವು. ಒಂದು ಸಣ್ಣ ಕೆಲಸ ಗೆದ್ದ ಮೇಲೆ ಸಂಜೆಯ ನಡಿಗೆ ಬಂತು, ಅದಾದ ಮೇಲೆ ಮಾತ್ರೆ ತಪ್ಪದಂತಾಯಿತು. ಎಲ್ಲವನ್ನೂ ಒಂದೇ ದಿನ ಹೇರಿದ್ದರೆ ಗಾಡಿ ಅಲ್ಲೇ ಕೂರುತ್ತಿತ್ತು.

ಲೆಕ್ಕದ ಪುಸ್ತಕ

ಸಂಘದಲ್ಲಿ ನಿಮ್ಮದೊಂದು ಪಾಸ್‌ಬುಕ್ ಇರುವಂತೆ ಮೈಗೂ ಒಂದು ಪುಸ್ತಕ ಇರಲಿ. ಬೆರಳು ಚುಚ್ಚಿ ನೋಡುವ ಸಕ್ಕರೆ ಆ ಹೊತ್ತಿನ ಲೆಕ್ಕ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಲೆಕ್ಕ. ಕೆಲವರು ಆಸ್ಪತ್ರೆಗೆ ಬರುವ ಹಿಂದಿನ ಎರಡು ದಿನ ಮುದ್ದೆಯನ್ನೂ ಬಿಟ್ಟು ಸೊಪ್ಪು ತಿಂದುಕೊಂಡು ಬರುತ್ತಾರೆ, ಬೈಸಿಕೊಳ್ಳಬಾರದಲ್ಲ! ಬೆಳಗಿನ ಸಕ್ಕರೆ ಚೆನ್ನಾಗಿಯೇ ಬರುತ್ತದೆ. ಆದರೆ ಮೂರು ತಿಂಗಳ ಲೆಕ್ಕದ ಮುಂದೆ ಎರಡು ದಿನದ ಉಪವಾಸ ನಡೆಯುವುದಿಲ್ಲ. ಅದನ್ನು ಕಳ್ಳತನ ಹಿಡಿಯಲು ಬಳಸಬಾರದು, ದಾರಿ ನೋಡಿಕೊಳ್ಳಲು ಬಳಸಬೇಕು.

ಹೆಚ್ಚಿನವರಿಗೆ ಇದು ಶೇಕಡಾ 7ರ ಕೆಳಗಿರುವುದು ಒಳ್ಳೆಯದು. ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ ಸ್ವಲ್ಪ ಹೆಚ್ಚಿದ್ದರೂ ವೈದ್ಯರು ಒಪ್ಪುತ್ತಾರೆ. ‘ನನ್ನದು 10 ಇದೆ, 7 ಯಾವಾಗ ಆಗೋದು’ ಎಂದು ಕೈ ಚೆಲ್ಲಬೇಡಿ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ನಡೆದ, 5 ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ ದೊಡ್ಡ ಅಧ್ಯಯನವೊಂದಿದೆ. ಈ ಅಂಕ 1ರಷ್ಟು ಕಡಿಮೆ ಇದ್ದವರಲ್ಲಿ ಕಣ್ಣು, ಮೂತ್ರಪಿಂಡದಂಥ ಸಣ್ಣ ರಕ್ತನಾಳದ ತೊಂದರೆಗಳು ಶೇಕಡಾ 37ರಷ್ಟು ಕಡಿಮೆ ಇದ್ದದ್ದು ಅದರಲ್ಲಿ ಕಂಡುಬಂತು. ಅಂದರೆ 10 ಇದ್ದದ್ದು 9 ಆದರೂ ಗೆಲುವೇ. ಆ ಗೆಲುವನ್ನು ಬಾಯಿ ತುಂಬ ಹೊಗಳಿ.

ನಾಲ್ಕು ತಪ್ಪು ತಿಳಿವಳಿಕೆ

ಒಂದು: ‘ಸಕ್ಕರೆ ನಾರ್ಮಲ್ ಬಂತು, ಇನ್ನು ಮಾತ್ರೆ ಯಾಕೆ?’ ತೂಬು ತೆಗೆದಿದ್ದರಿಂದ ಗದ್ದೆಯಲ್ಲಿ ನೀರು ನಿಂತಿದೆ. ನೀರಿದೆಯಲ್ಲ ಅಂತ ತೂಬು ಮುಚ್ಚಿದರೆ ಎಷ್ಟು ದಿನ ನಿಂತೀತು? ಮಾತ್ರೆ ಕಡಿಮೆ ಮಾಡುವುದಿದ್ದರೆ ವೈದ್ಯರನ್ನು ಕೇಳಿಯೇ ಮಾಡಿ.

ಎರಡು: ‘ರಾಗಿ ಮುದ್ದೆ ಎಷ್ಟು ಉಂಡರೂ ಏನೂ ಆಗೋದಿಲ್ಲ.’ ರಾಗಿ ಒಳ್ಳೆಯ ಧಾನ್ಯ, ನಾರಿನಂಶ ಪಾಲಿಶ್ ಅಕ್ಕಿಗಿಂತ ಹೆಚ್ಚು. ಆದರೆ ಅದರಲ್ಲೂ ಬಹುಪಾಲು ಪಿಷ್ಟವೇ, ಅದೂ ಸಕ್ಕರೆಯಾಗುತ್ತದೆ. ಮುದ್ದೆಯ ಗಾತ್ರ ಇಳಿಯಬೇಕು, ಜೊತೆಗೆ ಸೊಪ್ಪು, ಕಾಳು, ಮಜ್ಜಿಗೆ ಏರಬೇಕು.

ಮೂರು: ‘ಸಕ್ಕರೆ ಬೇಡ, ಬೆಲ್ಲ ಪರವಾಗಿಲ್ಲ.’ ಎರಡೂ ಒಂದೇ ಕಬ್ಬಿನ ಮಕ್ಕಳು. ಆಲೆಮನೆಯ ಊರಿನಲ್ಲಿ ಈ ಮಾತು ಹೇಳಲು ಕಷ್ಟ, ಆದರೂ ಹೇಳಲೇಬೇಕು.

ನಾಲ್ಕು: ‘ಇನ್ಸುಲಿನ್ ಬಂತೆಂದರೆ ಕೊನೆ ಹಂತ.’ 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು. ಸಾವಿನ ಬಾಗಿಲಲ್ಲಿದ್ದ ಹುಡುಗ ಇನ್ನೂ 13 ವರ್ಷ ಬದುಕಿದ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಅವರ ಜನ್ಮದಿನ ನವೆಂಬರ್ 14, ಅದೇ ಈಗ ವಿಶ್ವ ಮಧುಮೇಹ ದಿನ. ಇನ್ಸುಲಿನ್ ಬದುಕಿಸಲು ಬಂದದ್ದು. ನಾವು ವೈದ್ಯರೂ ‘ಮಾತು ಕೇಳದಿದ್ರೆ ಸೂಜಿ ಹಾಕ್ತೀವಿ’ ಎಂದು ಹೆದರಿಸಿ ಅದರ ಹೆಸರು ಕೆಡಿಸಿದ್ದೇವೆ.

ಮರೆಯಬಾರದ ಎರಡು ಎಚ್ಚರ

ಮೊದಲನೆಯದು ಕಾಲು. ರಾತ್ರಿ ಮಲಗುವ ಮುಂಚೆ ದೀಪದ ಬೆಳಕಿನಲ್ಲಿ ಅಂಗಾಲು, ಬೆರಳ ಸಂದು ನೋಡಿ. ಬಗ್ಗಲಾಗದಿದ್ದರೆ ಕನ್ನಡಿ ಇಡಿ, ಇಲ್ಲವೆ ಮೊಮ್ಮಕ್ಕಳಿಗೆ ಹೇಳಿ. ಹೊಲಕ್ಕಾಗಲಿ ಕೊಟ್ಟಿಗೆಗಾಗಲಿ ಬರಿಗಾಲಲ್ಲಿ ಹೋಗಬೇಡಿ. ಹಸುವಿನ ಗೊರಸು ನೋಡುವಷ್ಟು ಅಕ್ಕರೆಯಿಂದ ನಿಮ್ಮ ಪಾದ ನೋಡಿಕೊಳ್ಳಿ.

ಎರಡನೆಯದು ಸಕ್ಕರೆ ತೀರ ಇಳಿಯುವುದು. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಂಡು ಊಟ ಮಾಡದೆ ನೀರು ಕಟ್ಟಲು ಹೋದರೆ ಬೆವರು, ನಡುಕ, ಹಸಿವು, ಕಣ್ಣು ಕತ್ತಲೆ ಬರಬಹುದು. ಸಕ್ಕರೆ 70ರ ಕೆಳಗೆ ಹೋಗಿದೆ ಎಂದು ಅನುಮಾನಿಸಿ. ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕುಡಿಯಿರಿ. ಆಮೇಲೆ ಊಟ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹುಯ್ಯಬೇಡಿ, 108ಕ್ಕೆ ಫೋನು ಮಾಡಿ.

ಮನೆಯವರಿಗೆ ಒಂದು ಮಾತು

ಮನೆಯಲ್ಲಿ ಪೊಲೀಸರಾಗಬೇಡಿ. ‘ಅದು ತಿನ್ಬೇಡ, ಇದು ಮುಟ್ಬೇಡ’ ಎಂದು ಎಲೆ ಮುಂದೆ ಕಾವಲು ನಿಂತರೆ ಅವರು ಅಂಗಡಿ ಬೀದಿಯಲ್ಲಿ ತಿಂದು ಬರುತ್ತಾರೆ. ಯುಗಾದಿಯ ದಿನ ಒಬ್ಬಟ್ಟೇ ಬೇಡ ಎನ್ನುವ ಬದಲು ಅರ್ಧ ಒಬ್ಬಟ್ಟು ಬಡಿಸಿ, ಅನ್ನ ಕಡಿಮೆ ಮಾಡಿ, ಸಂಜೆ ಜೊತೆಯಲ್ಲಿ ನಡೆದು ಬನ್ನಿ. ಸಕ್ಕರೆ ಇರುವವರಿಗೆಂದು ಬೇರೆ ಅಡುಗೆ ಮಾಡಬೇಡಿ. ಅವರಿಗೆ ಒಳ್ಳೆಯದಾದ ಊಟ ಮನೆಮಂದಿಗೆಲ್ಲ ಒಳ್ಳೆಯದೇ.

ತಾಯಂದಿರ ವಿಷಯ ಬೇರೆಯಾಗಿಯೇ ಹೇಳಬೇಕು. ಯಜಮಾನರ ಮಾತ್ರೆಯನ್ನು ನೀರಿನ ಸಮೇತ ಕೈಗೆ ಕೊಡುವ ತಾಯಿ ತನ್ನ ಮಾತ್ರೆಯನ್ನು ಮರೆಯುತ್ತಾಳೆ. ಎಲ್ಲರದೂ ಆದ ಮೇಲೆ ಹೊತ್ತು ಮೀರಿ ಉಣ್ಣುತ್ತಾಳೆ, ಮಿಕ್ಕ ಅನ್ನ ದಂಡವಾಗಬಾರದು ಅಂತ ಎರಡು ತುತ್ತು ಹೆಚ್ಚೇ ಉಣ್ಣುತ್ತಾಳೆ. ಆಕೆಗೆ ನೀರು, ಮಾತ್ರೆ ಕೊಡುವವರು ಯಾರು? ಇವತ್ತು ಮನೆಗೆ ಹೋಗಿ ಈ ಪ್ರಶ್ನೆ ಕೇಳಿಕೊಳ್ಳಿ.

ಸಂಘ ಏನು ಮಾಡಬಹುದು?

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರಿನವರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದಾಗ ಅವರ ಎಣಿಕೆ ಸರಳವಾಗಿತ್ತು. ಒಬ್ಬೊಬ್ಬರೇ ನಿಂತರೆ ಸಾಲ ನಮ್ಮನ್ನು ತಿನ್ನುತ್ತದೆ, ಕೂಡಿ ನಿಂತರೆ ನಾವು ಸಾಲವನ್ನು ತೀರಿಸುತ್ತೇವೆ. ಈ ಕಾಯಿಲೆಗೂ ಅದೇ ಮದ್ದು.

ನಮ್ಮ ಸಲಹೆ ಇಷ್ಟು. ಸಕ್ಕರೆ ಇರುವವರು, ಇಷ್ಟವಿದ್ದವರು ಮಾತ್ರ, ಹತ್ತು ಹತ್ತು ಜನರ ಸಣ್ಣ ಗುಂಪು ಮಾಡಿಕೊಳ್ಳಲಿ. ಬೆಳಿಗ್ಗೆ ಡೈರಿಗೆ ಹಾಲು ಹಾಕಿದ ಮೇಲೆ ಕ್ಯಾನು ಇಲ್ಲೇ ಇಟ್ಟು ನಾಲೆ ಏರಿಯ ಮೇಲೆ ಅರ್ಧ ಗಂಟೆ ಬಿರುಸಾಗಿ ನಡೆಯಲಿ. ವಾರಕ್ಕೆ ಐದು ದಿನ ನಡೆದರೆ 150 ನಿಮಿಷ, ವೈದ್ಯರು ಹೇಳುವ ಲೆಕ್ಕ ಪೂರ್ತಿ ಆಯಿತು. ಬಟವಾಡೆಯ ದಿನ ಹದಿನೈದು ನಿಮಿಷ ಕೂತು ಮಾತನಾಡಲಿ: ಈ ಸಲ ಯಾವುದು ಸುಲಭವಾಯಿತು, ಯಾವುದು ಕಷ್ಟವಾಯಿತು. ಯಾರ ಸಕ್ಕರೆ ಎಷ್ಟು ಎಂದು ಬೋರ್ಡಿನ ಮೇಲೆ ಬರೆಯುವುದು, ಸಭೆಯಲ್ಲಿ ಓದುವುದು ಮಾತ್ರ ಬೇಡ. ಹಾಲಿನ ಲೆಕ್ಕ ಸಂಘದ್ದು, ಮೈಯ ಲೆಕ್ಕ ಅವರವರದು. ಅದಕ್ಕೇ ನಾವು ಆಗ ಕೈ ಎತ್ತಿಸಲಿಲ್ಲ. ಯಾರಾದರೂ ಎರಡು ವಾರ ಬಾರದಿದ್ದರೆ ಗುಂಪಿನ ಒಬ್ಬರು ಮನೆಗೆ ಹೋಗಿ ‘ಯಾಕೆ ಬರ್ಲಿಲ್ಲ’ ಅನ್ನದೆ ‘ಹೆಂಗಿದೀಯಪ್ಪ’ ಅಂತ ಕೇಳಲಿ. ಯಜಮಾನರ ಮನೆಗೆ ಯಾರಾದರೂ ಹಾಗೆ ಹೋಗಿದ್ದರೆ ಮೂರು ಬೆರಳು ಉಳಿಯುತ್ತಿದ್ದವೇನೋ.

30 ವರ್ಷ ದಾಟಿದವರು ಸಕ್ಕರೆ, ರಕ್ತದೊತ್ತಡ ಪರೀಕ್ಷೆ ಮಾಡಿಸಿಕೊಳ್ಳಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಸಕ್ಕರೆ ಇರುವವರು ವರ್ಷಕ್ಕೊಮ್ಮೆ ಕಣ್ಣು, ಮೂತ್ರ, ಪಾದದ ಪರೀಕ್ಷೆ ಮಾಡಿಸಿ. ನಿಮ್ಮ ಆಶಾ ಕಾರ್ಯಕರ್ತೆ ದಾರಿ ತೋರಿಸುತ್ತಾರೆ.

ಆ ಯಜಮಾನರು ಈಗ ತಪ್ಪದೆ ಬರುತ್ತಾರೆ. ಮೆತ್ತನೆ ಅಟ್ಟೆಯ ಚಪ್ಪಲಿ ಹಾಕಿಕೊಂಡು ನಿಧಾನವಾಗಿ ನಡೆದು ಬರುತ್ತಾರೆ. ಹೋದ ತಿಂಗಳು ಅವರ ಸಕ್ಕರೆ ಮತ್ತೆ ಸ್ವಲ್ಪ ಏರಿತ್ತು. ನಮ್ಮ ಮುಖ ನೋಡಿ ‘ಬೈಯಕಿಲ್ವಾ ಸ್ವಾಮಿ?’ ಅಂದರು. ‘ಇಲ್ಲ ಯಜಮಾನ್ರೇ, ಬಂದ್ರಲ್ಲ, ಅದೇ ಸಂತೋಷ. ಈ ತಿಂಗಳು ಹೆಂಗಿತ್ತು ಹೇಳಿ’ ಎಂದೆವು. ಸ್ಟೂಲ್ ಎಳೆದುಕೊಂಡು ಕೂತು ಹೇಳತೊಡಗಿದರು. ಸೊಸೆ ತವರಿಗೆ ಹೋಗಿದ್ದಳಂತೆ, ಊಟದ ಹೊತ್ತು ತಪ್ಪಿತ್ತಂತೆ. ಮದ್ದು ಬದಲಿಸುವ ಅಗತ್ಯವೇ ಬೀಳಲಿಲ್ಲ.

ನೀವು ತಪ್ಪಿದ ದಿನವೂ ಬನ್ನಿ. ತಪ್ಪಿದ ದಿನವೇ ಬನ್ನಿ. ಬೈಯುವುದಿಲ್ಲ ಎಂದು ಈ ಬೆಳ್ಳಿ ಹಬ್ಬದ ವೇದಿಕೆಯಲ್ಲಿ ನಿಮ್ಮೆಲ್ಲರ ಎದುರಿಗೆ ಮಾತು ಕೊಡುತ್ತೇವೆ. ಸಂಘ ಚಿನ್ನದ ಹಬ್ಬ ಕಾಣುವ ದಿನ ಇವತ್ತು ಇಲ್ಲಿ ಕೂತಿರುವವರೆಲ್ಲ ತಮ್ಮ ಕಾಲ ಮೇಲೆ ನಡೆದು, ತಮ್ಮ ಕಣ್ಣಿಂದ ನೋಡಲು ಬರುವಂತಾಗಲಿ ಎಂದು ಹಾರೈಸುತ್ತೇವೆ.